ಗೆಲ್ಲದ ಕುದುರೆಯನ್ನು ಏನು ಮಾಡುತ್ತೀರಿ?

ಪಕ್ಕದಲ್ಲಿ ಮಗು ಆಡುತ್ತಿದ್ದರೆ ಅದರ ಮುಖವನ್ನೊಮ್ಮೆ ನೋಡಿ... ಆಮೇಲೆ ಇದನ್ನು ಓದಿ.

ಇಂಗ್ಲೆಂಡಿನ ಕೆಂಟ್ ಕಡೆಯ ಒಂದು ಸಣ್ಣ ಪಟ್ಟಣ. ಅಲ್ಲಿ ದಾವಣಗೆರೆಯ ಡೆಂಟಿಸ್ಟ್ ಒಬ್ಬರಿದ್ದರು, ಗುರುಶಾಂತ್ ಅಂತ. ಹೆಂಡತಿ, ಹತ್ತು ವರ್ಷದ ಒಬ್ಬಳೇ ಮಗಳು ಇಂಚರ... ಚೊಕ್ಕ ಸಂಸಾರ.

ಅಲ್ಲಿ ಹೆಸರುವಾಸಿ ಸರ್ಕಾರಿ ಹೈಸ್ಕೂಲಿಗೆ ಸೇರಬೇಕಾದರೆ ಆ ವಯಸ್ಸಿಗೇ ಎಂಟ್ರೆನ್ಸ್ ಪರೀಕ್ಷೆ. ವರ್ಷಗಟ್ಟಲೆ ಟ್ಯೂಷನ್, ಆಟ ಬಂದ್, ಟೀವಿ ಬಂದ್... ಆದರೂ ಇಂಚರ ಪಾಸಾಗಲಿಲ್ಲ.

ಗುರುಶಾಂತ್ ಬೈಯಲಿಲ್ಲ, ಹೊಡೆಯಲೂ ಇಲ್ಲ. ಮಾತು ಕಡಿಮೆ ಮಾಡಿದರು ಅಷ್ಟೆ. ಅದನ್ನೇ ತಮ್ಮ ದೊಡ್ಡ ಮನಸ್ಸು ಅಂದುಕೊಂಡಿದ್ದರು ಪುಣ್ಯಾತ್ಮರು.

ನೆಂಟರು ಕೇಳಿದರೆ ರಿಸಲ್ಟ್ ಇನ್ನೂ ಬಂದಿಲ್ಲ ಎನ್ನುತ್ತಿದ್ದರು. ದಾವಣಗೆರೆಯ ಅಣ್ಣನಿಗೂ ನಿಜ ಹೇಳದೆ ಫೋನ್ ಮಾಡಿ, ಅಲ್ಲೊಂದು ಒಳ್ಳೆಯ ಹಾಸ್ಟೆಲ್ ಸ್ಕೂಲ್ ನೋಡಿಡು, ಹುಡುಗಿ ನಮ್ಮ ಸಂಸ್ಕಾರ ಕಲಿಯಲಿ ಎಂದಿದ್ದರು...

ಸಂಸ್ಕಾರ ಬರೀ ನೆಪ. ಅದು ನಿಮಗೂ ಗೊತ್ತು, ನನಗೂ ಗೊತ್ತು.

ಅಷ್ಟರಲ್ಲಿ ಹಲ್ಲು ತೋರಿಸಲು ಬಂದ ಪೇಷಂಟ್ ಒಬ್ಬರು, ತಮ್ಮ ಮಗಳು ಕುದುರೆ ಸವಾರಿಯಲ್ಲಿ ಕಪ್ ಗೆದ್ದ ಫೋಟೋ ತೋರಿಸಿದರು. ಗುರುಶಾಂತರ ತಲೆಯಲ್ಲಿ ಹುಳ ಹೊಕ್ಕಿತು. ಓದಿನಲ್ಲಿ ಆಗದ್ದು ಕುದುರೆಯ ಮೇಲಾದರೂ ಆಗಲಿ... ಸ್ವಲ್ಪ ದಿನ ನೋಡೋಣ, ಆಗದಿದ್ದರೆ ಹಾಸ್ಟೆಲ್ ಇದ್ದೇ ಇದೆ.

ಭಾನುವಾರ ಅಪ್ಪ-ಮಗಳು ಹಳ್ಳಿಗಳ ಕಡೆ ರೈಡಿಂಗ್ ಸ್ಕೂಲ್ ನೋಡಲು ಹೊರಟರು.

ಮೊದಲನೆಯದು ಫೈವ್ ಸ್ಟಾರ್ ಹೋಟೆಲಿನಂತಿತ್ತು. ಗಾಜಿನ ಬೀರು ತುಂಬಾ ಕಪ್‌ಗಳು. ಮಗಳು ಎಷ್ಟು ಬೇಗ ಕಾಂಪಿಟಿಷನ್‌ಗೆ ಇಳಿಯಬಹುದು ಎಂದು ಗುರುಶಾಂತ್ ವಿಚಾರಿಸಿದರು, ಥೇಟ್ ಟ್ಯೂಷನ್ ಸೆಂಟರಿನಲ್ಲಿ ವಿಚಾರಿಸಿದ ಹಾಗೆ.

ಪಕ್ಕದಲ್ಲಿ ನಿಂತಿದ್ದ ಇಂಚರ ಅಲ್ಲಿನ ಮ್ಯಾನೇಜರನ್ನು ಮೆಲ್ಲಗೆ ಕೇಳಿದಳು...

"ಗೆಲ್ಲದ ಕುದುರೆಯನ್ನು ಏನು ಮಾಡ್ತೀರಿ?"

ಆತ ನಕ್ಕ. ಮಾರಿಬಿಡುತ್ತೇವೆ, ಅದಕ್ಕೇ ನಮ್ಮಲ್ಲಿ ಇಷ್ಟು ಕಪ್ ಇರುವುದು ಎಂದ. ಗುರುಶಾಂತರಿಗೆ ಆ ಉತ್ತರ ಬಹಳ ಹಿಡಿಸಿತು.

ಇಂಚರ ಅಲ್ಲಿನ ಕುದುರೆಗಳನ್ನು ನೋಡಲೂ ಹೋಗಲಿಲ್ಲ.

ಎರಡನೇ ಸ್ಕೂಲಿನಲ್ಲೂ ಅದೇ ಪ್ರಶ್ನೆ. ಅವರದು ಬಾಡಿಗೆ ಕುದುರೆಗಳಂತೆ... ಚೆನ್ನಾಗಿ ಓಡದಿದ್ದರೆ ವಾಪಸ್ ಕಳಿಸುತ್ತಾರಂತೆ. ಆಮೇಲೆ ಅವು ಎಲ್ಲಿಗೆ ಹೋಗುತ್ತವೋ ತಮಗೆ ಗೊತ್ತಿಲ್ಲ ಅಂದರು.

ಕಾರಿನಲ್ಲಿ ಗುರುಶಾಂತ್ ರೇಗಿದರು. ಬಂದಿದ್ದು ಸವಾರಿ ಕಲಿಯೋಕೆ, ನಿನಗ್ಯಾಕೆ ಊರ ಉಸಾಬರಿ ಎಂದರು. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಳು.

ಮೂರನೆಯದಕ್ಕೆ ಹೋಗುವ ದಾರಿಯೇ ಕೆಸರು. ಹಳೇ ಲಾಯ, ಬೇಲಿ, ಎಲ್ಲೆಲ್ಲೂ ಲದ್ದಿ... ಕಪ್ ಇಡುವ ಬೀರುವೂ ಇಲ್ಲ. ಒಬ್ಬ ಮುದುಕಿ ಬೂಟು ಹಾಕಿಕೊಂಡು ಹುಲ್ಲು ಹರಡುತ್ತಿದ್ದರು, ಅವರೇ ಯಜಮಾನಿ. ಬೇಲಿಯ ಹತ್ತಿರ ಕುಂಟುವ ಮುದಿ ಕುದುರೆಯೊಂದು ನಿಂತಿತ್ತು.

ಗುರುಶಾಂತ್ ಅಲ್ಲಿಂದಲೇ ಕಾರು ತಿರುಗಿಸುವವರಿದ್ದರು. ಆದರೆ ಇಂಚರ ಆಗಲೇ ಇಳಿದು ಹೋಗಿ ಅದೇ ಪ್ರಶ್ನೆ ಕೇಳಿಬಿಟ್ಟಿದ್ದಳು.

ಯಜಮಾನಿ ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟರು.

"ಏನೂ ಮಾಡೋದಿಲ್ಲಮ್ಮ. ನಮ್ಮ ಕುದುರೆ, ನಮ್ಮ ಹತ್ತಿರಾನೇ ಇರುತ್ತೆ. ಇವಳನ್ನೇ ನೋಡು, ಜೀವನದಲ್ಲಿ ಒಂದು ರೇಸೂ ಗೆದ್ದಿಲ್ಲ. ಬೆಳಿಗ್ಗೆ ಎದ್ದು ಇವಳ ಮುಖ ನೋಡಿದರೆ ನನಗೆ ಸಮಾಧಾನ."

ಇಂಚರ ಬೇಲಿ ಹಿಡಿದುಕೊಂಡು ಅಳಲು ಶುರುಮಾಡಿದಳು... ರಿಸಲ್ಟ್ ಬಂದ ದಿನವೂ ಅಷ್ಟು ಅತ್ತಿರಲಿಲ್ಲ.

ಗುರುಶಾಂತ್ ಗಾಬರಿಯಾಗಿ ಓಡಿ ಬಂದರು. ಏನಾಯಿತು, ಕುದುರೆ ಕಚ್ಚಿತಾ ಎಂದು ಕೈ ನೋಡಿದರು.

ಬಿಕ್ಕುತ್ತಲೇ ಮಗಳು ಕೇಳಿದಳು...

"ಅಪ್ಪಾಜಿ, ದೊಡ್ಡಪ್ಪನ ಊರಿನ ಹಾಸ್ಟೆಲಿಗೆ ಹೋದ್ಮೇಲೆ... ಅಲ್ಲಿ ನಾನು ಒಂದ್ಸಲ ಫಸ್ಟ್ ಬಂದ್ರೆ, ವಾಪಸ್ ಕರ್ಕೊಂಡ್ ಬರ್ತೀರಾ?"

ಗುರುಶಾಂತರಿಗೆ ಆಗ ಗೊತ್ತಾಯಿತು.

ಅವಳು ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದಳು... ಬೇಡ ಅನ್ನಲಿಲ್ಲ, ಹಟ ಮಾಡಲಿಲ್ಲ. ಹೋಗುವುದು ಖಂಡಿತ ಅಂದುಕೊಂಡು, ತಿರುಗಿ ಬರುವ ದಾರಿ ಮಾತ್ರ ಹುಡುಕುತ್ತಿದ್ದಳು. ಹೆತ್ತ ಮಗಳು.

ಗುರುಶಾಂತ್ ಅಲ್ಲೇ ಕೆಸರಿನಲ್ಲಿ ನಿಂತು ಮಗಳ ಎದುರಿಗೇ ಅಣ್ಣನಿಗೆ ಫೋನ್ ಹಚ್ಚಿದರು.

"ಅಣ್ಣ, ಇಂಚರ ಪಾಸಾಗಿಲ್ಲ. ರಿಸಲ್ಟ್ ಬಂದು ಬಾಳ ದಿನ ಆತು, ನಾನೇ ಮುಚ್ಚಿಟ್ಟಿದ್ದೆ. ಹಾಸ್ಟೆಲ್ ವಿಚಾರ ಬಿಟ್ಬಿಡು. ಅವಳು ಎಲ್ಲಿಗೂ ಹೋಗಲ್ಲ, ನಮ್ ಹತ್ರನೇ ಇರ್ತಾಳೆ."

ಮನೆಯವರಿಗೆಲ್ಲ ಏನು ಹೇಳಲಿ ಎಂದು ಅಣ್ಣ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ಗುರುಶಾಂತ್ ಫೋನ್ ಇಟ್ಟರು. ಅವರ ಕೆನ್ನೆಯೂ ಒದ್ದೆಯಾಗಿತ್ತು.

ಮಗಳು ಓಡಿ ಬಂದು ಅಪ್ಪನನ್ನು ತಬ್ಬಿಕೊಂಡಳು ಎಂದು ಬರೆಯಬೇಕು ಅಂತ ನನಗೂ ಆಸೆ... ಆದರೆ ಅವಳು ಹಾಗೆ ಮಾಡಲಿಲ್ಲ. ಅಪ್ಪನ ಮುಖವನ್ನೇ ಬಹಳ ಹೊತ್ತು ನೋಡಿದಳು, ನಂಬಬಹುದಾ ಬೇಡವಾ ಎನ್ನುವ ಹಾಗೆ.

ಆಮೇಲೆ ಇಷ್ಟೇ ಕೇಳಿದಳು. "ಇಲ್ಲೂ ನಾನು ಗೆಲ್ಲದೆ ಇದ್ರೆ?"

"ಇಲ್ಲಿ ಗೆಲ್ಲೋಕೆ ಬರೋದು ಬ್ಯಾಡವ್ವ," ಎಂದರು ಗುರುಶಾಂತ್. "ಸುಮ್ನೆ ಬರೋಣ. ನಾನೂ ಬರ್ತೀನಿ."

ಗೆಲ್ಲದಿದ್ದರೂ ನೀನು ನಮ್ಮವಳೇ ಎನ್ನುವ ಭರವಸೆ... ಮಕ್ಕಳಿಗೆ ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ.

ನಿಮ್ಮ ಮಗುವಿಗೆ ಈ ಮಾತನ್ನು ನೀವು ಬಾಯಿಬಿಟ್ಟು ಹೇಳಿದ್ದೀರಾ... ಅಥವಾ ಅದಕ್ಕೆ ಗೊತ್ತಿರುತ್ತದೆ ಅಂದುಕೊಂಡು ಸುಮ್ಮನಿದ್ದೀರಾ?