ಬುರ್ಕೊ ಎಂದರೆ ಮೊಣಕಾಲು

ಮೊಣಕಾಲಿಗೂ ಆಶೀರ್ವಾದಕ್ಕೂ ಏನು ನಂಟು ಎಂದು ಕೇಳಲು ಲಹ್ದೊ ಮೇಷ್ಟ್ರು ಬಂದಾಗ, ಮುದುಕಿ ಸೈದೆ ಅಂಗಳದಲ್ಲಿ ಗಿಡ್ಡ ಪೀಠದ ಮೇಲೆ ಕೂತು ದ್ರಾಕ್ಷಿ ಎಲೆಗಳಲ್ಲಿ ಗೋಧಿನುಚ್ಚು ತುಂಬಿ ಸುತ್ತುತ್ತಿದ್ದಳು. ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ನಮ್ಮ ಅರಮಾಯಿಕ್ ಭಾಷೆಯ ಮಾತುಗಳನ್ನೆಲ್ಲ ಬರೆದಿಡುವ ಹುಚ್ಚು ಹತ್ತಿತ್ತು. ಮೈಯ ಭಾಗಗಳನ್ನು ತಲೆಯಿಂದ ಶುರುಮಾಡಿದವರು ಮೊಣಕಾಲಿನ ಹತ್ತಿರ ಬಂದು ಎರಡು ವಾರದಿಂದ ನಿಂತುಬಿಟ್ಟಿದ್ದರು.

"ಸೈದೆ ಅಕ್ಕ, ಮೊಣಕಾಲು ಅಂದ್ರೆ ಬುರ್ಕೊ. ಆಶೀರ್ವಾದ ಅಂದ್ರೆ ಬುರ್ಕ್ತೊ. ಎರಡೂ ಒಂದೇ ಬೇರಿನಿಂದ ಬಂದವು ಅಂತ ಕೆಲವರು, ಸುಮ್ನೆ ಹೋಲ್ತವೆ ಅಷ್ಟೆ ಅಂತ ಇನ್ನು ಕೆಲವರು. ಪುಸ್ತಕ ಪುಸ್ತಕಗಳೇ ಜಗಳ ಆಡ್ತಿವೆ."

"ಪಾದ್ರಿಗಳನ್ನ ಕೇಳೋದಪ್ಪ."

"ಕೇಳ್ದೆ. ಮಂಡಿಯೂರಿದೋರಿಗೆ ಆಶೀರ್ವಾದ ಸಿಗುತ್ತೆ, ಅದಕ್ಕೇ ಅಂದ್ರು."

ಸೈದೆ ನಕ್ಕಳು. "ಎಲ್ಲರೂ ಮಂಡಿಯೂರಿಬಿಟ್ರೆ ಅವರಿಗೆ ಅಷ್ಟೇ ಸಾಕು."

ಒಳಗೆ ಮಗು ಅಳತೊಡಗಿತು. ಸೊಸೆ ಬೆಸ್ನಾ ಅದನ್ನು ಸಮಾಧಾನ ಮಾಡುವ ಸದ್ದು ಕೇಳಿಸಿತು. ಸೈದೆ ತಿರುಗಿಯೂ ನೋಡಲಿಲ್ಲ. ಬೆಸ್ನಾಳ ತಂಗಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ತಂಗಿಯ ಗಂಡ ನಾಲ್ಕೇ ತಿಂಗಳಲ್ಲಿ ಬೇರೆ ಮದುವೆಗೆ ಹೊರಟಿದ್ದ. ಹತ್ತು ವರ್ಷದಿಂದ ಮಕ್ಕಳಿಲ್ಲದ ಬೆಸ್ನಾ ಆ ಮಗುವನ್ನು ಎತ್ತಿಕೊಂಡು ಬಂದು ಮೂರು ತಿಂಗಳಾಗಿತ್ತು. ಸೈದೆ ಇವತ್ತಿನವರೆಗೂ ಅದನ್ನು ಮುಟ್ಟಿರಲಿಲ್ಲ.

"ಪಾಪ, ಹಸಿವೇನೋ," ಎಂದರು ಮೇಷ್ಟ್ರು.

"ಯಾರದೋ ಮನೆಯ ಕೂಸು. ತಂದೋರು ನೋಡ್ಕೋತಾರೆ. ನಿಮ್ಮ ಬುರ್ಕೊ ವಿಷಯಕ್ಕೆ ಬನ್ನಿ. ನನ್ನಜ್ಜಿ ಏನು ಹೇಳ್ತಿದ್ಲು ಅಂತ ಹೇಳ್ತೀನಿ, ಬರ್ಕೊಳ್ಳಿ." ಸೈದೆ ಇನ್ನೊಂದು ಎಲೆಯನ್ನು ಅಂಗೈ ಮೇಲೆ ಹರಡಿಕೊಂಡಳು. "ಅಜ್ಜಿ ಸೂಲಗಿತ್ತಿ. ಕೂಸು ಹುಟ್ಟಿದ ತಕ್ಷಣ ಅದನ್ನ ಒಯ್ದು ಮನೆ ಹಿರಿಯರ ಮೊಣಕಾಲ ಮೇಲೆ ಇಡ್ತಿದ್ಲಂತೆ. ಅವರು ಕಾಲು ಸರಿಸದೆ ಕೂತ್ರೆ ಆ ಮನೆಯ ಮಗು ಅಂತ ಲೆಕ್ಕ. ಬಾಯಲ್ಲಿ ಏನೂ ಹೇಳಬೇಕಾಗಿರ್ಲಿಲ್ಲ. ಅದೇ ಆಶೀರ್ವಾದ."

ಮೇಷ್ಟ್ರ ಪೆನ್ನು ಓಡತೊಡಗಿತು. "ಅಂದ್ರೆ ಮಂಡಿಯೂರಿದೋರದಲ್ಲ, ಕೂತೋರ ಮೊಣಕಾಲು! ಇದನ್ನ ನಾನು ಯೋಚನೇನೇ ಮಾಡಿರ್ಲಿಲ್ಲ. ಅಲ್ಲ ಅಕ್ಕ, ಹೆತ್ತ ಮಕ್ಕಳನ್ನ ಮಾತ್ರ ಹೀಗೆ ಇಡ್ತಿದ್ರಾ?"

"ಯಾರು ಹೇಳಿದ್ದು? ಕತ್ತಿಯ ವರ್ಷದಲ್ಲಿ ನಮ್ಮೋರನ್ನೆಲ್ಲ ಕಡಿದು ಹಾಕಿದಾಗ ಅಜ್ಜಿಗೆ ದಾರೀಲಿ ಒಂದು ಕೂಸು ಸಿಕ್ತು. ಅಪ್ಪ ಯಾರೋ, ಅಮ್ಮ ಯಾರೋ, ಯಾವ ಊರೋ. ತಂದು ಮಾವನ ಮೊಣಕಾಲ ಮೇಲೆ ಇಟ್ಲು. ಮನೇಲಿ ತಿನ್ನೋಕೆ ಒಂದು ಹಿಡಿ ಬಾರ್ಲಿ ಇರ್ಲಿಲ್ಲ. ಆದ್ರೂ ಆ ಮುದುಕ ಕಾಲು ಸರಿಸಲಿಲ್ಲ."

"ಆ ಮಗು ಬದುಕ್ತಾ?"

"ಬದುಕದೆ ಏನು? ನನ್ನಮ್ಮನೇ ಅದು."

ಸೈದೆಯ ಅಂಗೈ ಮೇಲಿನ ಎಲೆ ಹರಡಿದಂತೆಯೇ ಉಳಿಯಿತು. ಮೇಷ್ಟ್ರು ತಲೆಯೆತ್ತದೆ ಬರೆಯುತ್ತಲೇ ಇದ್ದರು. ಒಳಗಿನ ಅಳು ಬಿಕ್ಕಳಿಕೆಗೆ ಇಳಿದಿತ್ತು.

"ಬೆಸ್ನಾ!" ಎಂದು ಸೈದೆ ಕೂಗಿದಳು.

ಬೆಸ್ನಾ ಮಗುವನ್ನು ಅವುಚಿಕೊಂಡು ಬಾಗಿಲಿಗೆ ಬಂದಳು. "ಈಗ ಸುಮ್ನಾಗುತ್ತೆ ಅತ್ತೆ. ಹಲ್ಲು ಬರ್ತಿದೆ, ಅದಕ್ಕೇ..."

"ಇಲ್ಲಿ ತಾ."

ಸೈದೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಎರಡೂ ಕೈ ಒರೆಸಿಕೊಂಡು, ಮೊಣಕಾಲುಗಳನ್ನು ಜೋಡಿಸಿದಳು. ಬೆಸ್ನಾಳಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಬಗ್ಗಿ ಮಗುವನ್ನು ಅವುಗಳ ಮೇಲೆ ಕೂರಿಸಿದಳು. ಕೂರಿಸಿದರೂ ಹಿಡಿತ ಸಡಿಲಿಸಲಿಲ್ಲ.

"ಕೈ ಬಿಡೇ. ನಾಲ್ಕು ಮಕ್ಕಳನ್ನ ಸಾಕಿದೀನಿ, ಬೀಳಿಸಲ್ಲ."

ಬೆಸ್ನಾ ಕೈ ತೆಗೆದಳು. ಮಗು ಸೈದೆಯ ಮುಖವನ್ನೇ ದಿಟ್ಟಿಸಿ ನೋಡಿತು. ಸೈದೆಯೂ ನೋಡಿದಳು. ಮೇಷ್ಟ್ರ ಪೆನ್ನು ನಿಂತಿತ್ತು.

"ಹೆಸರೇನೇ ಇವಳದು?"

"ನಿನ್ವೆ ಅಂತ, ಅತ್ತೆ."

"ನಿನ್ವೆ!" ಸೈದೆ ಇಡೀ ಬೀದಿಗೆ ಕೇಳುವಂತೆ ಗದರಿದಳು. "ಜಗತ್ತಿನಲ್ಲಿ ಬೇರೆ ಹೆಸರೇ ಸಿಗಲಿಲ್ವೇನೇ ನಿಮಗೆ? ಹಾಳುಬಿದ್ದ ಪಟ್ಟಣದ ಹೆಸರು ತಂದು ನನ್ನ ಮೊಮ್ಮಗಳಿಗೆ ಇಡೋದಾ?"