ಯಾರೋ ಹೆಣ್ಣುಮಗಳು

ಓಮ್ನಿ ವ್ಯಾನಿನಿಂದ ಸಿಲಿಂಡರನ್ನು ಬೇವಿನ ಮರದ ಬುಡದಲ್ಲಿ ಇಳಿಸಿ ವಿರುಪಾಕ್ಷಿ ರಸ್ತೆಯ ಎರಡೂ ಕಡೆ ನೋಡಿದ. ಪೆಟ್ರೋಲ್ ಬಂಕ್ ಅಲ್ಲಿಂದ ಕೂಗಳತೆಯಲ್ಲಿತ್ತು. ಅದರ ಮೂಲೆಯಲ್ಲೇ ಹೊಗೆ ತಪಾಸಣೆಯ ತಗಡಿನ ಡಬ್ಬಿ ಅಂಗಡಿ.

“ಇಲ್ಲೇ ನಿಂದ್ರು. ಯಾರರ ಕೇಳಿದ್ರ ಗ್ಯಾಸಿನ ಗಾಡಿ ಹಾದಿ ಕಾಯಾಕತ್ತೀನಿ ಅನ್ನು.”

“ಬಿಸಲ ಚುರ್ ಅಂತೈತಿ. ನಾನೂ ಗಾಡ್ಯಾಗ ಬರ್ತೀನಿ” ಎಂದಳು ಹೆಂಡತಿ ಕಸ್ತೂರೆಮ್ಮ.

“ಮತ್ತ ಇದನ್ನ ಯಾರ ಕಾಯ್ತಾರ, ನಿಮ್ಮಪ್ಪ? ಹತ್ತ ನಿಮಿಷದ ಕೆಲಸ, ನಿಂದ್ರು.”

ಓಮ್ನಿ ಕಂಪನಿಯಿಂದ ಬಂದಾಗ ಪೆಟ್ರೋಲ್ ಗಾಡಿಯೇ. ಹೋದ ವರ್ಷ ಗಂಗಾವತಿಯ ಮೆಕ್ಯಾನಿಕ್ ಒಬ್ಬ ಸೀಟಿನ ಕೆಳಗೆ ಪೈಪು ಎಳೆದು, ಅದು ಅಡುಗೆ ಸಿಲಿಂಡರಿನ ಮೇಲೆ ಓಡುವಂತೆ ಮಾಡಿಕೊಟ್ಟಿದ್ದ. ಸಿಲಿಂಡರು ಬರುತ್ತಿದ್ದುದು ಕಸ್ತೂರೆಮ್ಮನ ಹೆಸರಿಗೆ. ಅಂದಿನಿಂದ ಅವಳ ಅಡುಗೆ ಕಟ್ಟಿಗೆ ಒಲೆಯ ಮೇಲೆ. ದಿನಾ ಬೆಳಿಗ್ಗೆ ಹಳ್ಳಿಯ ಹದಿಮೂರು ಮಕ್ಕಳನ್ನು ಗಂಡ ಹೆಂಡತಿ ಕುಷ್ಟಗಿಯ ಶಾಲೆಗೆ ತಂದು ಬಿಡುತ್ತಿದ್ದರು. ಅವನು ಗಾಡಿ ಹೊಡೆಯಲು, ಅವಳು ಸಣ್ಣವರನ್ನು ಹತ್ತಿಸಿ ಇಳಿಸಲು. ಇವತ್ತು ಗೇಟಿನಲ್ಲಿ ಹೆಡ್‌ಮಾಸ್ತರರು ಒಂದೇ ಮಾತು ಹೇಳಿದ್ದರು: ಸಂಜೆಯೊಳಗೆ ಹೊಗೆ ತಪಾಸಣೆಯ ಚೀಟಿ ತೋರಿಸದಿದ್ದರೆ ನಾಳೆಯಿಂದ ಬೇರೆ ಗಾಡಿ. ಸಿಲಿಂಡರನ್ನು ಊರಲ್ಲಿ ಇಟ್ಟು ತಿರುಗಿ ಬರೋಣವೆಂದರೆ ಟ್ಯಾಂಕಿನಲ್ಲಿ ಅಷ್ಟು ಪೆಟ್ರೋಲ್ ಇರಲಿಲ್ಲ; ತಪಾಸಣೆಯ ಫೀ ಬಿಟ್ಟರೆ ಜೇಬಿನಲ್ಲಿ ದುಡ್ಡೂ ಇರಲಿಲ್ಲ.

ತಪಾಸಣೆ ಮಾಡುವ ಶೈಲಜಾ ಹಿಂದಿನ ಗಾಜಿನ ಮೇಲಿನ ‘ಶಾಲಾ ಮಕ್ಕಳ ವಾಹನ’ ಎಂಬ ಬರಹ ಓದಿ, ನಂಬರ್ ಪ್ಲೇಟಿನ ಫೋಟೋ ಹೊಡೆದು, ಸೈಲೆನ್ಸರಿನೊಳಗೆ ಕೊಳವೆ ತೂರಿಸಿದಳು. “ರೇಸ್ ಮಾಡ್ರಿ. ಇನ್ನಷ್ಟ. ಸಾಕ್ ಸಾಕ್, ವಿಮಾನ ಹಾರಸಬ್ಯಾಡ್ರಿ.” ಆಮೇಲೆ ಯಾಕೋ ಹಿಂದಿನ ಬಾಗಿಲು ಎತ್ತಿ ಮೂಸಿದಳು.

“ಗ್ಯಾಸ್ ವಾಸನಿ ಬರ್ತೈತೆಲ್ರಿ ಅಣ್ಣಾರ?”

“ನಿನ್ನಿ ಮದುವಿ ಮನಿ ಬಾಡಿಗಿ ಹೊಡದೇನ್ರಿ. ಅಡಗಿಯವರ ಸಾಮಾನು.”

“ಹಂಗಿದ್ರ ಛಲೋ ಆತು. ಹೋದ ವಾರ ಒಬ್ಬಾತ ಸಾಲಿ ಮಕ್ಕಳ ಗಾಡಿಗೇ ಮನಿ ಸಿಲಿಂಡರ್ ಹಾಕ್ಕೊಂಡು ಬಂದಿದ್ದ. ಚೀಟಿ ಕೊಡಲಿಲ್ಲ ನಾ. ಮ್ಯಾಲೆ ಪೊಲೀಸರಿಗೂ ನಂಬರ್ ಹೇಳಿದೆ.”

“ಅಂಥಾವ್ರನ್ನ ನಡು ರಸ್ತಾದಾಗ ನಿಲ್ಲಿಸಿ ಒದೀಬೇಕ್ರಿ” ಎಂದ ವಿರುಪಾಕ್ಷಿ. ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನ ಕಿವಿ ಬಿಸಿಯಾಯಿತು.

ಗಾಡಿ ಪಾಸಾಯಿತು. ವಿರುಪಾಕ್ಷಿ ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಇಡುವಾಗ ಶೈಲಜಾ ಹಣೆಗೆ ಕೈ ಅಡ್ಡ ಹಿಡಿದು ಮರದ ಕಡೆ ನೋಡುತ್ತಿದ್ದಳು.

“ಆ ಅಕ್ಕಾರು ಆಗಿಂದ ಸಿಲಿಂಡರ್ ಇಟಗೊಂಡು ನಿಂತಾರಲ್ಲ. ನಿಮ್ಮ ಕಡಿಯವರೇನ್ರಿ?”

“ಇಲ್ರಿ, ಯಾರೋ ಹೆಣ್ಣುಮಗಳು” ಎಂದ ವಿರುಪಾಕ್ಷಿ. ಅಷ್ಟಕ್ಕೇ ಬಿಡಲಿಲ್ಲ. “ನನಗ ಗುರ್ತಿಲ್ಲ.”

“ಗುರ್ತ ಯಾಕ ಬೇಕ್ರಿ, ಗಾಡಿ ಖಾಲಿ ಐತೆಲ್ಲ. ಪಾಪ, ಒಬ್ಬಾಕಿ ಹೆಂಗ ಎತ್ತತಾಳ? ನಡೀರಿ, ನಾನೂ ಕೈ ಹಚ್ತೀನಿ.” ಅವನು ಏನಾದರೂ ನೆಪ ಹುಡುಕುವಷ್ಟರಲ್ಲಿ ಅವಳು ಗಾಡಿಯ ಮುಂದೆ ಮುಂದೆ ನಡೆದೇ ಬಿಟ್ಟಿದ್ದಳು.

ಕಸ್ತೂರೆಮ್ಮನ ಕುಪ್ಪಸದ ಬೆನ್ನು ತೊಯ್ದಿತ್ತು. ಗಂಡನ ಜೊತೆ ತಪಾಸಣೆಯವಳೂ ಬರುವುದನ್ನು ಕಂಡು ಅವಳು ಸಿಲಿಂಡರಿಗೆ ಅಡ್ಡವಾಗಿ ನಿಂತಳು.

“ಹತ್ರಿ ಅಕ್ಕಾ, ಈ ಅಣ್ಣಾರು ಬಿಡ್ತಾರ. ನಿಮ್ಮ ಗುರ್ತಿಲ್ಲ ಅಂದ್ರು, ಆದ್ರೂ ಅಂಜಬ್ಯಾಡ್ರಿ. ಸಾಲಿ ಮಕ್ಕಳ ಗಾಡಿ, ಛಲೋ ಮಂದಿ.”

“ಗುರ್ತಿಲ್ಲ ಅಂದ್ರಾ?”

ಕಸ್ತೂರೆಮ್ಮ ಗಂಡನ ಕಡೆ ನೋಡಿದಳು. ಅವನು ಸ್ಟೇರಿಂಗ್ ನೋಡುತ್ತ ಕುಳಿತಿದ್ದ.

“ಹೌದವ್ವಾ” ಎಂದಳು ನಿಧಾನವಾಗಿ. “ಎಲ್ಲಿ ಗುರ್ತ ಇರ್ತೈತಿ.”

“ನಿಮ್ಮ ಮನಿಯವರು ಬರಬಾರದಿತ್ತೇನ್ರಿ? ಏನ್ ಮಾಡ್ತಾರ ಅವರು?”

“ಅವರೂ ಗಾಡಿನ ಹೊಡೀತಾರ.” ವಿರುಪಾಕ್ಷಿ ಗೇರನ್ನು ಸುಮ್ಮನೆ ಹಿಂದೆ ಮುಂದೆ ಆಡಿಸಿದ. “ಪುರಸೊತ್ತಿಲ್ಲವ್ವಾ ಅವರಿಗೆ.”

ಸಿಲಿಂಡರಿನ ಒಂದು ಬದಿ ಶೈಲಜಾ ಹಿಡಿದಳು, ಇನ್ನೊಂದು ಬದಿ ಇಳಿದು ಬಂದ ವಿರುಪಾಕ್ಷಿ. ಅದನ್ನು ಹಿಂದೆ ಇಟ್ಟು, ಬಾಗಿಲು ಜಡಿದು, ಕೈ ಒರೆಸಿಕೊಳ್ಳುತ್ತ ಶೈಲಜಾ ಹೇಳಿದಳು: “ಪುಣ್ಯ ಬರ್ತೈತಿ ನೋಡ್ರಿ ಅಣ್ಣಾರ.”

ಬಂಕ್ ಕನ್ನಡಿಯಿಂದ ಮರೆಯಾಯಿತು. ಕಸ್ತೂರೆಮ್ಮ ದಿನಾ ಕೂಡುತ್ತಿದ್ದುದು ಮುಂದೆ, ಅವನ ಪಕ್ಕ. ಇವತ್ತು ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿದ್ದಳು.

“ಮುಂದ ಬಾ ಕಸ್ತೂರಿ. ಅಲ್ಲಿ ಝಳ ಭಾಳ.”

ಅವಳು ಸೆರಗಿನ ತುದಿಯ ಗಂಟು ಬಿಚ್ಚತೊಡಗಿದಳು.

“ಆಕಿ ಪೊಲೀಸರಿಗೆ ಹೇಳಾಕಿ ಇದ್ಲು. ಬಾಯಾಗ ಏನ್ ಬಂತೋ ಅಂದುಬಿಟ್ಟೆ. ನಾಳಿ ಗಾಡಿ ನಿಂತ್ರ ನಮ್ಮ ಮಕ್ಕಳ ಹೊಟ್ಟಿಗೆ ಏನ್ ಹಾಕೂದು, ನೀನ ಹೇಳು…”

ಅವನ ಹೆಗಲ ಪಕ್ಕದಿಂದ ಅವಳ ಕೈ ಮುಂದೆ ಬಂತು. ಬೆರಳುಗಳ ನಡುವೆ ಇಪ್ಪತ್ತರ ನೋಟು.

“ಬಸ್‌ಸ್ಟ್ಯಾಂಡಿನ ಹತ್ರ ಇಳಸ್ರಿ ಅಣ್ಣಾರ. ಚಾರ್ಜ್ ಎಷ್ಟಾತು?”