ಗೋದಲಿಯಲ್ಲಿ ಗುಂಡಪ್ಪ

ಕ್ರಿಸ್ಮಸ್ಸಿಗೆ ಕಟ್ಟಿದ ಗೋದಲಿಯ ಹುಲ್ಲಿನ ಮೇಲೆ ಮಸಾಲೆ ಅರೆಯುವ ಗುಂಡುಕಲ್ಲು ಮಲಗಿತ್ತು. ಯಾರೋ ಅದಕ್ಕೆ ಕೂಸಿನ ಹಳದಿ ಜಬಲಾ ತೊಡಿಸಿ, ತಲೆಗೆ ಉಣ್ಣೆಯ ಕುಲಾವಿ ಕಟ್ಟಿ, ಕೆನ್ನೆ ಇರಬೇಕಾದ ಜಾಗದಲ್ಲಿ ಕಾಡಿಗೆಯ ಬೊಟ್ಟು ಇಟ್ಟಿದ್ದರು. ಎರಡು ಬದಿಗೆ ಮಣ್ಣಿನ ಮರಿಯಳೂ ಯೋಸೇಫನೂ ಮೊಣಕಾಲೂರಿ ಆ ಕಲ್ಲನ್ನೇ ಅಕ್ಕರೆಯಿಂದ ನೋಡುತ್ತಿದ್ದರು.

“ಏನ್ರೀ ಇದು, ನಿಶಾ ಟೀಚರ್?” ಎಂದರು ಪ್ರಶಾಂತ ಸರ್.

ನಿಶಾ ಮಕ್ಕಳತ್ತ ನೋಡಿದಳು. ಮುಂಬೈ ಧಾರಾವಿಯ ಈ ಪುಟ್ಟ ಕನ್ನಡ ಚರ್ಚಿನ ಸಂಡೇ ಸ್ಕೂಲಿಗೆ ಪ್ರಶಾಂತ ಸರ್ ಮುಖ್ಯಸ್ಥರು. ಚಿಕ್ಕ ಮಕ್ಕಳ ಕ್ಲಾಸಿನಿಂದ ಬರೀ ನಗು ಕೇಳಿಸುತ್ತದೆ, ಬೈಬಲ್ ವಚನ ಒಂದೂ ಕೇಳಿಸುವುದಿಲ್ಲ ಎಂದು ಹಿರಿಯರು ದೂರಿದ್ದರಿಂದ ಇಂದು ಪರೀಕ್ಷೆಗೆಂದೇ ಬಂದಿದ್ದರು. ಒಂದೇ ಪ್ರಶ್ನೆ: ಕ್ರಿಸ್ಮಸ್ ಅಂದರೇನು? ಉತ್ತರ ಬಾರದಿದ್ದರೆ ಈ ಕ್ಲಾಸು ಇಲ್ಲ, ಇವರೆಲ್ಲ ದೊಡ್ಡ ಮಕ್ಕಳ ಜೊತೆಗೆ, ನಿಶಾ ಮತ್ತೆ ಚರ್ಚಿನ ಹಿಂದಿನ ಬೆಂಚಿಗೆ. ಜೋಗೇಶ್ವರಿಯಿಂದ ಲೋಕಲ್ ರೈಲು ಹಿಡಿದು ಬರುವ ಆ ಹುಡುಗಿ ದೊಡ್ಡವರೆದುರು ಬಾಯಿ ಬಿಟ್ಟಿದ್ದನ್ನು ಕಂಡವರಿಲ್ಲ. ಈ ಹದಿನಾಲ್ಕು ಮಕ್ಕಳೆದುರು ಮಾತ್ರ ಅವಳ ಮಾತಿಗೆ ತಡೆಯೇ ಇರುತ್ತಿರಲಿಲ್ಲ.

“ನಾನ ಇಟ್ಟೀನ್ರೀ ಸರ್.” ಆರು ವರ್ಷದ ಸೋನಾಲಿ ಎದ್ದು ನಿಂತಳು. “ಅದು ಗುಂಡಪ್ಪ.”

“ಯಾವ ಗುಂಡಪ್ಪ?”

“ಯೇಸು ಕೂಸು ಇಪ್ಪತ್ನಾಕನೇ ತಾರೀಖ ರಾತ್ರಿ ಬರ್ತೈತಿ, ಅಲ್ಲೀಮಟ ಗೋದಲಿ ಖಾಲಿ ಅಂತ ಟೀಚರ್ ಹೇಳಿದ್ರು. ಖಾಲಿ ತೊಟ್ಟಿಲಾ ಇಡಬಾರದ್ರೀ! ನಮ್ ತಮ್ಮಗ ಹೆಸರಿಡೋ ದಿನ ಆಯಿ ಮೊದಲ ಗುಂಡಪ್ಪನ್ನ ಮಲಗಿಸಿ ತೂಗಿದ್ಲು. ಆಮ್ಯಾಲೆ ತಮ್ಮನ್ನ ಹಾಕಿದ್ಲು. ಕೂಸು ಕಲ್ಲಿನಂಗ ಗಟ್ಟಿ ಆಗ್ತೈತಂತ.”

“ಕಲ್ಲು ತಂದಿದ್ದು ನಿಮ್ಮ ಅಜ್ಜಿಗೆ ಗೊತ್ತೇನು?”

“ಇಲ್ರೀ. ಈಗ ಚಟ್ನಿ ಅರಿಯಾಕ ಹುಡುಕಾಕತ್ತಿರಬೇಕು.”

ಮಕ್ಕಳೆಲ್ಲ ಕಿಸಕ್ಕೆಂದರು. ಪ್ರಶಾಂತ ಸರ್ ನಗಲಿಲ್ಲ. ಕನ್ನಡಕ ಒರೆಸಿಕೊಂಡು ಪ್ರಶ್ನೆಗೇ ಬಂದರು. “ಇರಲಿ. ಎಲ್ಲರೂ ಹೇಳಿ, ಕ್ರಿಸ್ಮಸ್ ಅಂದ್ರೆ ಏನು?”

“ಸಾಂಟಾ!” ತುಷಾರ್ ಎಲ್ಲರಿಗಿಂತ ಮೊದಲು ಕೂಗಿದ.

“ಕೇಕ್!”

“ಸ್ಟಾರ್! ಲೈಟಿಂಗ್!”

ನಿಶಾ ತಲೆ ತಗ್ಗಿಸಿದಳು. “ಹೂಂ,” ಎಂದರು ಸರ್. ಆ ಒಂದು ಹೂಂಕಾರದಲ್ಲೇ ಕ್ಲಾಸು ಮುಗಿದಂತಿತ್ತು. ಅವರು ಬಗ್ಗಿ, ಕುಲಾವಿಯ ಕೆಳಗೆ ಕೈ ಹಾಕಿ, ಗುಂಡಪ್ಪನನ್ನು ಒಂದೇ ಕೈಯಲ್ಲಿ ಎತ್ತಿದರು.

“ಸರ್, ಕುತ್ತಿಗಿ! ಕುತ್ತಿಗಿ!” ಹದಿನಾಲ್ಕು ಬಾಯಿಗಳು ಒಟ್ಟಿಗೇ ಚೀರಿದವು.

ಬೆಚ್ಚಿದ ಸರ್ ಇನ್ನೊಂದು ಕೈಯನ್ನೂ ಕೊಟ್ಟು ಕಲ್ಲನ್ನು ಎದೆಗವಚಿಕೊಂಡರು. ಸಾಕಷ್ಟು ಭಾರವಿತ್ತು. ಸಾವರಿಸಿಕೊಂಡು ಅದನ್ನು ಕೆಳಗಿಡಲು ಬಗ್ಗಿದರು.

“ಸರ್, ಬೇಡ! ನೆಲ ತಣ್ಣಗಿದೆ!”

ಈ ಸಲ ಕೂಗಿದ್ದು ನಿಶಾ. ಕೂಗಿದ ಮೇಲೆ ಅವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಸರ್ ಅರ್ಧ ಬಗ್ಗಿದವರು ಹಾಗೇ ನಿಂತು ಅವಳನ್ನು ನೋಡಿದರು. ಗದರಿಸಬೇಕೆಂದಿದ್ದರೋ ಏನೋ, ಆದರೆ ಜಬಲಾ ತೊಟ್ಟ ಕೂಸನ್ನು ತೋಳಲ್ಲಿ ಹಿಡಿದು ಗದರುವುದು ಅಷ್ಟು ಸುಲಭವಲ್ಲ.

“ಹಾಗಾದ್ರೆ ಎಲ್ಲಿಡ್ಲಿ ಇದನ್ನ?” ಎಂದರು.

ಕೇಳಿದ್ದೇ ತಡ, ಮಕ್ಕಳು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಫ್ರಾಕು ಚಡ್ಡಿಗಳನ್ನು ಕೊಡವಿ ತೊಡೆ ಹರವಿದರು. “ಇಲ್ಲೇ ಸರ್!” “ನನಗ ಕೊಡ್ರೀ!” ತುಷಾರ್ ಕುಂಡೆಯ ಮೇಲೇ ತೆವಳಿಕೊಂಡು ಎಲ್ಲರ ಮುಂದೆ ಬಂದ. “ಸರ್, ನಾ ಮನೀಗೇ ಒಯ್ತೀನಿ.”

“ನಿಮ್ಮನೇಲಿ ಜಾಗ ಎಲ್ಲಿದೆಯೋ? ಒಂದೇ ಖೋಲಿ, ಏಳು ಜನ,” ಎಂದರು ಸರ್.

“ಜರಾ ಸರಕೊಂಡ್ರ ಆತ್ರೀ. ಬೆತ್ಲೆಹೇಮಿನಾಗ ಯಾರೂ ಸರಕೊಳ್ಳಲಿಲ್ಲ. ಅದಕ್ಕ ದನದ ಕೊಟಗ್ಯಾಗ ಹುಟ್ಟಿದ ದೇವರು.”

“ಆಕಾಶದಷ್ಟು ದೊಡ್ಡಾವ,” ಸೋನಾಲಿ ನಡುವೆ ಬಾಯಿ ಹಾಕಿದಳು, “ನಾವು ಎತ್ತಿಕೊಳ್ಳಾಕ ಬರ್ಲಿ ಅಂತ ಇಷ್ಟ ಸಣ್ಣಾವ ಆಗ್ಯಾನ.” ಎಷ್ಟು ಸಣ್ಣವ ಎಂಬುದನ್ನು ಎರಡು ಅಂಗೈ ಅಗಲಿಸಿ ತೋರಿಸಿದಳು.

ಪ್ರಶಾಂತ ಸರ್ ತುಷಾರನತ್ತ ತಿರುಗಿದರು. “ಇಷ್ಟೆಲ್ಲ ಗೊತ್ತಿದ್ದು ಆಗ ಸಾಂಟಾ ಅಂದ್ಯಲ್ಲೋ?”

“ನೀವು ಕ್ರಿಸ್ಮಸ್ಸಿಂದು ಕೇಳಿದ್ರಿ,” ಎಂದ ತುಷಾರ್, ತಪ್ಪು ತನ್ನದಲ್ಲ ಎಂಬ ಧಾಟಿಯಲ್ಲಿ. “ಯೇಸೂಂದು ಎಲ್ಲಿ ಕೇಳಿದ್ರಿ?”

ನಿಶಾಳಿಗೆ ನಗು ತಡೆಯಲಾಗಲಿಲ್ಲ. ಜೋರಾಗಿಯೇ ನಕ್ಕುಬಿಟ್ಟಳು. ಹಿರಿಯರಿಗೆ ಕೇಳಿಸುತ್ತಿದ್ದುದು ಬಹುಶಃ ಇದೇ ನಗು. ಸರ್ ಅವರ ಮೀಸೆಯೂ ಅಲುಗಿತು. ಅವರು ಕುತ್ತಿಗೆಗೆ ಒಂದು ಕೈ, ಬೆನ್ನಿಗೆ ಒಂದು ಕೈ ಕೊಟ್ಟು ಗುಂಡಪ್ಪನನ್ನು ತುಷಾರನ ತೊಡೆಗೆ ಇಳಿಸಿದರು.

“ಟೀಚರ್, ಈ ಕ್ಲಾಸಿಗೆ ಹೊತ್ತು ಸಾಲಲ್ಲ, ಮುಂದಿನ ವಾರದಿಂದ ಅರ್ಧ ಗಂಟೆ ಮೊದಲೇ ಶುರುಮಾಡಿ. ಇದೇ ರೂಮಲ್ಲಿ.”

ಕಲ್ಲು ತೊಡೆಯಿಂದ ತೊಡೆಗೆ ದಾಟುತ್ತ ಹೋಯಿತು. ಒಬ್ಬರು ಜೋ ಜೋ ಎಂದರೆ ಇನ್ನೊಬ್ಬರು ಶ್ ಎನ್ನುತ್ತಿದ್ದರು. ಹೊರಡಲೆಂದು ಬಾಗಿಲತನಕ ಹೋದ ಪ್ರಶಾಂತ ಸರ್ ಹಿಂದಿರುಗಿ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಸಾಲಿನ ಕೊನೆಯಲ್ಲಿ ಕಷ್ಟಪಟ್ಟು ಕಾಲು ಮಡಚಿ ಕುಳಿತು, ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ತಮ್ಮ ಕರವಸ್ತ್ರ ಹಾಸಿಕೊಂಡು ಕಾದರು.